ಕಾಯಿಲೆ ಕೊಟ್ಟೋರೇ ಸರ್ಟಿಫಿಕೇಟ್ ಕೇಳ್ತಾರೆ

ಉದ್ದ ಇದೆ, ಪುರುಸೊತ್ತಿದ್ರೆ ಓದಿ, ಇಲ್ಲಾಂದ್ರೆ ಲೈಕ್ ಒತ್ತಿ ಮುಂದೆ ಹೋಗಿ, ಹೇಗೂ ಅದನ್ನೇ ಮಾಡ್ತೀರಿ ಅಂತ ಗೊತ್ತು.

ಶನಿವಾರ ನಾನೆಲ್ಲಿರ್ತೀನಿ ಅಂತ ನಿಮ್ಮಲ್ಲಿ ಸುಮಾರು ಜನಕ್ಕೆ ಗೊತ್ತು. ("ಅವಳಿಗೆ ಮಾಡೋಕೆ ಬೇರೆ ಕೆಲ್ಸ ಇಲ್ಲ" ಅನ್ನೋದೂ ಕಿವಿಗೆ ಬಿದ್ದಿದೆ, ಥ್ಯಾಂಕ್ಸ್.) ಟೆಕ್ಸಾಸಿನ ಈ ಸ್ಯಾನ್ ಆಂಟೋನಿಯೊದಲ್ಲಿ ಎತ್ತ ತಿರುಗಿದ್ರೂ ಅಮೆರಿಕದ ಮಿಲಿಟ್ರಿ, ಫೋರ್ಟ್ ಸ್ಯಾಮ್ ಹ್ಯೂಸ್ಟನ್ ಒಂದ್ಕಡೆ, ಲ್ಯಾಕ್‌ಲ್ಯಾಂಡ್ ಇನ್ನೊಂದ್ಕಡೆ, ಹಾಗಾಗಿ ಮಿಲಿಟ್ರಿಯಿಂದ ಆಚೆಗೆ ತಳ್ಳಿಸ್ಕೊಂಡೋರೂ ಇಲ್ಲೇ ಸುತ್ತಮುತ್ತ ಉಳ್ಕೊಂಡಿರ್ತಾರೆ. ಅವರ ಡಿಸ್ಚಾರ್ಜ್ ಪೇಪರ್ ಸರಿ ಮಾಡಿಸ್ಕೊಡೋಕೆ ಲಾಯರ್‌ಗಳು ಪುಕ್ಕಟೆ ಕೂರೋ ಒಂದು ಜಾಗ ಇದೆ, ಅಲ್ಲಿ ನಾನು ಅರ್ಜಿ ಟೈಪ್ ಮಾಡೋಳು. ಲಾಯರ್ ಅಲ್ಲ, ಬರೀ ಕೈ ಸ್ಪೀಡು, ಇಷ್ಟೇ ಕ್ವಾಲಿಫಿಕೇಶನ್.

ಇವತ್ತು ಒಬ್ಬನಿಗೆ, ಡಿಸ್ಚಾರ್ಜ್ ಸರಿಯಾಗಿತ್ತಾ ಅಂತ ಮತ್ತೆ ನೋಡೋ ಮಿಲಿಟ್ರಿಯ ರಿವ್ಯೂ ಬೋರ್ಡಿಂದ ಉತ್ತರ ಬಂತು. ಪುಟಗಟ್ಟಲೆ ನಿಯಮ, ಉಪನಿಯಮ, ಕೊನೆ ಪುಟದಲ್ಲಿ ತೀರ್ಪು. ಸೇವೆಯಲ್ಲಿದ್ದಾಗ ಮಾನಸಿಕ ಸಮಸ್ಯೆ ಇತ್ತು ಅನ್ನೋದಕ್ಕೆ ಆ ಕಾಲದ ವೈದ್ಯಕೀಯ ದಾಖಲೆ ಸಿಕ್ಕಿಲ್ಲ, ಆದ್ದರಿಂದ ಡಿಸ್ಚಾರ್ಜ್ ಹೇಗಿದೆಯೋ ಹಾಗೇ ಇರುತ್ತೆ. ಇಷ್ಟೇ.

ದಾಖಲೆ ಸಿಕ್ಕಿಲ್ಲ ಅಂತೆ. ದಾಖಲೆ ಬರೀಬೇಕಾದೋರು ಯಾರಪ್ಪ? ಡಾಕ್ಟರ್ ನಿಮ್ಮೋರು, ಫೈಲ್ ನಿಮ್ದು, ಕಪಾಟು ನಿಮ್ದು, ಬೀಗದ ಕೈ ನಿಮ್ದು. ಇಪ್ಪತ್ತೆರಡು ವರ್ಷದ ಹುಡುಗ ಆಫ್ಘಾನಿಸ್ತಾನದಿಂದ ಬಂದು ನಿದ್ದೆ ಬರ್ತಿಲ್ಲ ಅಂದಾಗ ಅವನ ಸಾರ್ಜೆಂಟ್ ಕೈಲಿ ನೀರಿನ ಬಾಟ್ಲಿ ಕೊಟ್ಟು ಓಡೋಕೆ ಕಳಿಸಿದ್ನಂತೆ. ಅದನ್ನ ಯಾರು ಯಾವ ಫಾರ್ಮಲ್ಲಿ ಬರ್ಕೊಳ್ತಾರೆ?

ಕಥೆ ಗೊತ್ತಿಲ್ದೋರಿಗೆ ಸ್ವಲ್ಪ ಹಿನ್ನೆಲೆ. ಇಲ್ಲಿ ಮಿಲಿಟ್ರಿ ಬಿಡೋವಾಗ ಡಿಡಿ-214 ಅಂತ ಒಂದು ಕಾಗದ ಕೊಡ್ತಾರೆ, ಜೀವನಪೂರ್ತಿ ಅದೇ ಜಾತಕ. ಅದರಲ್ಲಿ ನಿನ್ನ ಸೇವೆ ಎಂಥದ್ದು ಅಂತ ಒಂದು ಕಾಲಂ. ಮೇಲಿರೋದು ಆನರಬಲ್, ಕೆಳಗೆ ಜನರಲ್, ಅದರ ಕೆಳಗೆ 'ಅದರ್ ದ್ಯಾನ್ ಆನರಬಲ್'. ಈ ಮೂರಕ್ಕೂ ಕೋರ್ಟ್ ಮಾರ್ಷಲ್ ಬೇಕಿಲ್ಲ, ಆಫೀಸ್ ಮಟ್ಟದಲ್ಲೇ ಮುಗಿಸ್ತಾರೆ. ಇನ್ನೂ ಕೆಳಗಿನ ಬ್ಯಾಡ್ ಕಂಡಕ್ಟ್ ಮತ್ತೆ ಡಿಸಾನರಬಲ್ ಕೊಡೋಕೆ ಮಾತ್ರ ವಿಚಾರಣೆ ಆಗ್ಬೇಕು. ಆನರಬಲ್ ಇಲ್ದೇ ಇದ್ರೆ ಕಾಲೇಜಿಗೆ ಹೋಗೋಕೆ ಜಿಐ ಬಿಲ್ ದುಡ್ಡಿಲ್ಲ, ಜನರಲ್ ಇದ್ರೂ ಇಲ್ಲ. ಮೂರನೇದು ಬಿದ್ರೆ ವೆಟರನ್ಸ್ ಆಸ್ಪತ್ರೆ, ಪರಿಹಾರ ಎಲ್ಲಕ್ಕೂ ಬಾಗಿಲಲ್ಲೇ ತಕರಾರು. ಇಂಥದ್ದಕ್ಕೆ ಇಲ್ಲಿಯವರ ಬಾಯಲ್ಲಿ 'ಬ್ಯಾಡ್ ಪೇಪರ್' ಅಂತ ಹೆಸರು.

ನಮ್ಮವನದ್ದು ಮೂರನೇದು. ಯಾಕೆ? ವಾಪಸ್ ಬಂದ ಮೇಲೆ ಮೂತ್ರ ಪರೀಕ್ಷೆಲಿ ಗಾಂಜಾ ಸಿಕ್ತು, ಬೆಳಗಿನ ಫಾರ್ಮೇಶನ್‌ಗೆ, ಅಂದ್ರೆ ಸಾಲಾಗಿ ನಿಂತು ಹಾಜರಿ ಹಾಕೋದಕ್ಕೆ, ಮೂರ್ನಾಲ್ಕು ಸಲ ಲೇಟು, ಒಬ್ಬ ಮೇಲಿನವನಿಗೆ ಎದುರು ಮಾತು. ಅದಕ್ಕೂ ಮುಂಚೆ ರೆಕಾರ್ಡ್ ಕ್ಲೀನು, ಮೆಡಲ್ಲೂ ಇದೆ. ಯಾವಾಗಿಂದ ಕೆಟ್ಟ ಅಂತ ತಾರೀಖು ಹಾಕಿ ತೋರಿಸ್ಬೋದು. ಆ ತಾರೀಖಿಗೂ ಅವನ ಗಾಡಿ ಮುಂದಿನ ಗಾಡಿ ಬಾಂಬಿಗೆ ಹಾರಿದ ತಾರೀಖಿಗೂ ಎಷ್ಟು ಅಂತರ ಅಂತ ಲೆಕ್ಕ ಹಾಕೋಕೆ ಪಿಎಚ್‌ಡಿ ಬೇಕಾ?

ಇನ್ನು ತಮಾಷೆ ಕೇಳಿ. ನಿಯಮ ಅವನ ಪರವಾಗೇ ಇದೆ! 2014ರ ಸೆಪ್ಟೆಂಬರಲ್ಲಿ ಆಗಿನ ರಕ್ಷಣಾ ಕಾರ್ಯದರ್ಶಿ ಚಕ್ ಹೇಗಲ್ ಒಂದು ಮೆಮೊ ಹೊರಡಿಸಿದ್ರು, ಪಿಟಿಎಸ್‌ಡಿ (ಯುದ್ಧದಂಥ ಆಘಾತ ಆದ್ಮೇಲೆ ಬರೋ ಮಾನಸಿಕ ಕಾಯಿಲೆ) ಅಂತ ಅರ್ಜಿ ಹಾಕೋರ ವಿಷಯದಲ್ಲಿ ಉದಾರವಾಗಿ ನೋಡಿ ಅಂತ. 2017ರ ಆಗಸ್ಟಲ್ಲಿ ಅದೇ ರಕ್ಷಣಾ ಇಲಾಖೆಯ ಕರ್ಟಾ ಅನ್ನೋ ಅಧಿಕಾರಿಯ ಮೆಮೊ ಬಂತು, ಅದು ಇನ್ನೂ ಬಿಡಿಸಿ ಹೇಳ್ತು. ಬೋರ್ಡ್ ನಾಲ್ಕು ಪ್ರಶ್ನೆ ಕೇಳ್ಕೋಬೇಕು, ಕಾಯಿಲೆ ಇತ್ತಾ, ಸೇವೆಲಿದ್ದಾಗಲೇ ಇತ್ತಾ, ನಡೆದ ತಪ್ಪಿಗೆ ಅದು ಕಾರಣ ಆಗಬಹುದಾ, ಆ ಕಾರಣ ಈ ಡಿಸ್ಚಾರ್ಜ್‌ಗಿಂತ ತೂಕದ್ದಾ. ಮತ್ತೆ ಅದೇ ಮೆಮೊದಲ್ಲಿ ಇನ್ನೊಂದು ಮಾತಿದೆ, ಇದನ್ನ ಪ್ರಿಂಟ್ ಹಾಕಿ ನನ್ನ ಟೇಬಲ್ ಮೇಲೆ ಅಂಟಿಸ್ಕೊಂಡಿದೀನಿ: ಕಾಯಿಲೆ ಇತ್ತು ಅಂತ ತೋರ್ಸೋಕೆ ಆ ಸೈನಿಕನ ಸ್ವಂತ ಹೇಳಿಕೆಯೊಂದೇ ಸಾಕಾಗಬಹುದು. ಮನೆಯವರು, ಗೆಳೆಯರು, ಜೊತೆ ಸೈನಿಕರು, ಪಾದ್ರಿ, ಇವರೆಲ್ಲ ಬರೆದ ಪತ್ರ ನಡೆಯುತ್ತೆ. ಇದ್ದಕ್ಕಿದ್ದಂಗೆ ಕೆಲಸ ಹಾಳಾಗೋದು, ಕುಡಿತ, ಡ್ರಗ್ಸ್, ಇವೂ ಕಾಯಿಲೆಯ ಗುರುತು ಅಂತ ಪಟ್ಟಿಲೇ ಹಾಕಿದಾರೆ. ಉದಾರವಾಗಿ ನೋಡ್ಬೇಕು ಅನ್ನೋದು ಈಗ ಬರೀ ಮೆಮೊ ಅಲ್ಲ, ಕಾನೂನಿಗೇ ಸೇರಿದೆ.

ಅಂದ್ರೆ ನೋಡಿ, ಮೆಮೊ ಪ್ರಕಾರ ಗಾಂಜಾ ಅವನ ಕಾಯಿಲೆಯ ಸಾಕ್ಷಿ, ಬೋರ್ಡ್ ಪ್ರಕಾರ ಗಾಂಜಾ ಅವನ ಅಪರಾಧ. ಅವನ ತಾಯಿ ಪತ್ರ ಕೊಟ್ಟಿದ್ರು. ಜೊತೆಗಿದ್ದ ಸೈನಿಕ ಒಬ್ಬ ಪತ್ರ ಕೊಟ್ಟಿದ್ದ. ಇವನ ಹೇಳಿಕೆ ನಾನೇ ಟೈಪ್ ಮಾಡಿದ್ದು. ಎಲ್ಲ "ಪರಿಶೀಲಿಸಲಾಗಿದೆ" ಅಂತೆ. ಪರಿಶೀಲಿಸಿ ಏನ್ಮಾಡಿದ್ರಿ ಸ್ವಾಮಿ, ಅಲ್ಲಾಡೋ ಮೇಜಿನ ಕಾಲಿನ ಕೆಳಗೆ ಇಟ್ರಾ?

ಒಬ್ಬನ ಕೇಸ್ ಇಟ್ಕೊಂಡು ಕೂಗಾಡ್ತಿದಾಳೆ ಅನ್ಬೇಡಿ. ಅಮೆರಿಕದ್ದೇ ಲೆಕ್ಕಪರಿಶೋಧನಾ ಸಂಸ್ಥೆ ಜಿಎಒ 2017ರಲ್ಲಿ ಒಂದು ವರದಿ ಕೊಟ್ಟಿದೆ. 2011ರಿಂದ 2015ರವರೆಗೆ ದುರ್ನಡತೆ ಅಂತ ಹೊರಗೆ ಹಾಕಿದ್ದು 91,764 ಜನರನ್ನ. ಅದರಲ್ಲಿ 57,141 ಜನಕ್ಕೆ, ನೂರಕ್ಕೆ 62, ಹೊರಗೆ ಹಾಕೋಕೆ ಮುಂಚಿನ ಎರಡೇ ವರ್ಷದಲ್ಲಿ ಪಿಟಿಎಸ್‌ಡಿ, ತಲೆಪೆಟ್ಟು ಅಥವಾ ಬೇರೆ ಕೆಲವು ಇಂಥ ತೊಂದರೆ ಇದೆ ಅಂತ ಡಾಕ್ಟರೇ ಬರೆದಿದ್ರು. ಹೌದು, ಬರೀ ಪಿಟಿಎಸ್‌ಡಿ, ತಲೆಪೆಟ್ಟು ತಗೊಂಡ್ರೆ ನೂರಕ್ಕೆ 16, ಉಳಿದೋರಲ್ಲಿ ಹೊಂದಾಣಿಕೆ ತೊಂದರೆ, ಕುಡಿತದ ತೊಂದರೆ ಇವೇ ಜಾಸ್ತಿ, ಅದನ್ನೂ ಹೇಳ್ಬಿಡ್ತೀನಿ, ಆಮೇಲೆ ಕಾಮೆಂಟಲ್ಲಿ ಬಂದು ಹಿಡ್ಕೋತೀರಿ. ಆ 57 ಸಾವಿರದಲ್ಲಿ 13,283 ಜನಕ್ಕೆ ನಮ್ಮವನಿಗೆ ಸಿಕ್ಕ ಥರದ್ದೇ ಕಾಗದ. ಹೊರಗೆ ಹಾಕೋಕೆ ಮುಂಚೆ ಮಾಡ್ಬೇಕಾದ ತಪಾಸಣೆ ವಿಷಯದಲ್ಲಿ ಕೆಲವು ವಿಭಾಗಗಳು ತಮ್ಮದೇ ನಿಯಮ ಪಾಲಿಸದೇ ಇರಬಹುದು ಅಂತಲೂ ಅದೇ ವರದಿ ಹೇಳುತ್ತೆ. ದಾಖಲೆ ಇದ್ದೋರನ್ನೇ ಹೀಗೆ ಕಳಿಸಿದೋರು ದಾಖಲೆ ಇಲ್ದೋನಿಗೆ ದಾಖಲೆ ತಾ ಅಂತಾರೆ.

ವಿಯೆಟ್ನಾಂಗೆ ಹೋಗಿ ಬಂದ ಮುದುಕರೂ ಬರ್ತಾರೆ ನಮ್ಮಲ್ಲಿಗೆ. ಪಿಟಿಎಸ್‌ಡಿ ಅನ್ನೋದು ಮನೋವೈದ್ಯರ ಪುಸ್ತಕಕ್ಕೆ ಸೇರಿದ್ದೇ 1980ರಲ್ಲಿ. 1969ರಲ್ಲಿ ಮನೆಗೆ ಕಳಿಸಿದ ಮನುಷ್ಯ 1969ರ ಡಯಾಗ್ನೋಸಿಸ್ ಎಲ್ಲಿಂದ ತರ್ತಾನೆ? ಎಪ್ಪತ್ತೈದು ದಾಟಿದ ಒಬ್ರು ನನ್ನ ಮುಂದೆ ಕೂತು, ನಾನು ಸಾಯೋಕೆ ಮುಂಚೆ ಆ ಕಾಲಂ ಬದಲಾದ್ರೆ ಸಾಕಮ್ಮ, ದುಡ್ಡೇನೂ ಬೇಡ ಅಂದಿದ್ರು. ಕೆಲವರಿಗೆ ದುಡ್ಡೂ ಬೇಕು, ಬೇಕಾದ್ರೆ ತಪ್ಪೇನು?

ಇನ್ನೊಂದು ಮಹಾ ಚಾಲಾಕಿ 'ಪರ್ಸನಾಲಿಟಿ ಡಿಸಾರ್ಡರ್', ಅಂದ್ರೆ ಸ್ವಭಾವದಲ್ಲೇ ತೊಂದರೆ, ಅಂತ ಬರೆದು ಕಳ್ಸೋದು. ಆ ಕಾಯಿಲೆ ಚಿಕ್ಕಂದಿನಿಂದಲೇ ಬಂದಿರುತ್ತೆ ಅನ್ನೋದು ಅವರ ಲೆಕ್ಕ, ಹಾಗಾಗಿ ಸೇನೆ ಜವಾಬ್ದಾರಿ ಇಲ್ಲ, ಅಂಗವೈಕಲ್ಯದ ಪರಿಹಾರವೂ ಇಲ್ಲ. 2001ರ ನಂತರದ ಹತ್ತು ವರ್ಷದಲ್ಲಿ ಸುಮಾರು 31,000 ಜನರನ್ನ ಹೀಗೆ ಕಳಿಸಿದ್ರು. ಸರಿ, ಚಿಕ್ಕಂದಿನಿಂದಲೇ ಇತ್ತು ಅಂತಲೇ ಇಟ್ಕೊಳ್ಳೋಣ. ಸೇರ್ಸ್ಕೊಳ್ಳೋವಾಗ ಹಲ್ಲು, ಕಿವಿ, ಪಾದ ಎಲ್ಲ ನೋಡಿ ಫಿಟ್ ಅಂತ ಠಸ್ಸೆ ಒತ್ತಿದೋರು ಯಾರು? ಇರಾಕಿಗೆ ಕಳ್ಸೋವಾಗ ಕಾಣದ ಕಾಯಿಲೆ ಪರಿಹಾರ ಕೊಡೋವಾಗ ಮಾತ್ರ ಕಾಣುತ್ತಾ?

ಈ ವಿಷಯದಲ್ಲಿ ನಮ್ಮ ಭಾರತದ ಸುಪ್ರೀಂ ಕೋರ್ಟ್ ಹೇಳಿದ್ದು ಎಷ್ಟೋ ಮೇಲು. 2013ರ ಧರಮ್‌ವೀರ್ ಸಿಂಗ್ ಕೇಸಲ್ಲಿ, ಅದು ಮೂರ್ಛೆ ರೋಗದ್ದು, ಕೋರ್ಟ್ ನೇರವಾಗಿ ಹೇಳ್ತು: ಸೇರೋವಾಗ ಕಾಯಿಲೆ ಇದೆ ಅಂತ ನೀವು ಬರ್ಕೊಂಡಿಲ್ವಾ, ಹಾಗಾದ್ರೆ ಸೇರಿದವನು ಆರೋಗ್ಯವಾಗಿದ್ದ ಅಂತಲೇ ಅರ್ಥ, ಆಮೇಲೆ ಬಂದದ್ದು ಸೇವೆಯಿಂದ ಅಲ್ಲ ಅಂತ ಸಾಬೀತು ಮಾಡೋ ಹೊಣೆ ಸರ್ಕಾರದ್ದು, ಸೈನಿಕನದ್ದಲ್ಲ. ಆಮೇಲೂ ನಮ್ಮ ಕಡೆ ಪಿಂಚಣಿಗೋಸ್ಕರ ಟ್ರಿಬ್ಯುನಲ್ ಮೆಟ್ಟಿಲು ಹತ್ತೋದು ತಪ್ಪಿಲ್ಲ, ಅದು ಬೇರೆ ರಾಮಾಯಣ. ಆದ್ರೆ ಹೊಣೆ ಯಾರ ಮೇಲೆ ಅನ್ನೋದಾದ್ರೂ ಸರಿಯಾಗಿ ಹೇಳಿದ್ರಲ್ಲ. ಇಲ್ಲಿ ಉಲ್ಟಾ, ಸೇನೆ ಮಾಡಿದ್ದೆಲ್ಲ ಸರಿ ಅಂತ ಮೊದಲು ಒಪ್ಕೊಂಡು ಆಮೇಲೆ ಅರ್ಜಿ ನೋಡೋದು, ಅಲ್ಲ ಅಂತ ತೋರ್ಸೋ ಕೆಲಸ ಅರ್ಜಿ ಹಾಕಿದೋನ್ದು.

ಈಗ ನೀವು ಕೇಳೋ ಪ್ರಶ್ನೆ ಗೊತ್ತು, ಯಾಕಂದ್ರೆ ಹೋದ ವಾರ ಕನ್ನಡ ಸಂಘದ ಊಟದಲ್ಲಿ ಒಬ್ಬ ಹಿರಿಯರು ಬಿಸಿಬೇಳೆಬಾತ್ ಬಡಿಸ್ಕೊಳ್ತಾ ಅದನ್ನೇ ಕೇಳಿದ್ರು. "ಅಲ್ಲಮ್ಮಾ, ಎಲ್ರೂ ನನಗೆ ತಲೆ ಸರಿ ಇರ್ಲಿಲ್ಲ ಅಂದ್ರೆ ಶಿಸ್ತು ಏನಾಗುತ್ತೆ? ಅದೇ ಬಾಂಬ್ ನೋಡಿ ಬಂದು ಸರಿಯಾಗಿ ಇದ್ದೋರಿಲ್ವಾ?" ಇದಾರೆ ಸಾರ್. ಒಂದೇ ಮಳೇಲಿ ನೆಂದ ಇಬ್ಬರಲ್ಲಿ ಒಬ್ಬನಿಗೆ ನ್ಯುಮೋನಿಯಾ ಆದ್ರೆ ಇನ್ನೊಬ್ಬನ್ನ ತೋರ್ಸಿ ಅವನಿಗೆ ಬೈತೀರಾ? ಸುಳ್ಳು ಹೇಳೋರು ಇರಲ್ವಾ ಅಂದ್ರೆ ಇರ್ತಾರೆ, ಒಬ್ಬಿಬ್ಬರನ್ನ ನಾನೇ ನೋಡಿದೀನಿ, ಟೈಪ್ ಮಾಡೋವಾಗಲೇ ಗೊತ್ತಾಗುತ್ತೆ. ಸುಳ್ಳು ಹೇಳೋರು ಚೆನ್ನಾಗಿ ಹೇಳ್ತಾರೆ, ಸಾಲಾಗಿ, ತಾರೀಖಿನ ಸಮೇತ. ನಿಜವಾಗಿ ಅನುಭವಿಸಿದೋನು ಮಧ್ಯದಲ್ಲಿ ಎದ್ದು ಸಿಗರೇಟಿಗೆ ಹೋಗ್ತಾನೆ, ವಾಪಸ್ ಬರೋದೇ ಇಲ್ಲ, ಮುಂದಿನ ವಾರ ಮತ್ತೆ ಮೊದಲಿಂದ. ಅಂದ್ಮೇಲೆ ಶಿಸ್ತಿನ ಮಾತು ಬಿಡಿ. ಆ ಹಿರಿಯರೇ ಇನ್ನೊಂದು ಮಾತೂ ಅಂದ್ರು, "ಆರು ತಿಂಗಳಾದ್ಮೇಲೆ ತಾನಾಗೇ ಆನರಬಲ್ ಆಗುತ್ತಂತಲ್ಲ". ಇಲ್ಲ. ಆಗಲ್ಲ. ಈ ಪುಕಾರು ಸೈನಿಕರಲ್ಲೇ ಎಷ್ಟು ಹಬ್ಬಿದೆ ಅಂದ್ರೆ ಅದನ್ನ ನಂಬ್ಕೊಂಡು ಕೂತು ಹದಿನೈದು ವರ್ಷದ ಗಡುವು ದಾಟಿಸ್ಕೊಂಡೋರು ಇದಾರೆ. ರಿವ್ಯೂ ಬೋರ್ಡಿಗೆ ಹೋಗೋಕೆ ಡಿಸ್ಚಾರ್ಜ್ ಆಗಿ 15 ವರ್ಷದೊಳಗೆ ಫಾರ್ಮ್ 293 ಹಾಕ್ಬೇಕು, ದಾಟಿದ್ರೆ ರೆಕಾರ್ಡ್ ತಿದ್ದೋ ಇನ್ನೊಂದು ಬೋರ್ಡಿಗೆ ಫಾರ್ಮ್ 149. ತಾನಾಗೇ ಏನೂ ಆಗಲ್ಲ.

ಒಂದು ವಿಷಯ ಹೇಳ್ಬೇಕು. ಇವತ್ತು ಉತ್ತರ ಬಂದ ಈ ಮನುಷ್ಯ ನನಗೆ ಇಷ್ಟ ಇಲ್ಲ. ಹೊತ್ತಿಗೆ ಸರಿಯಾಗಿ ಬರಲ್ಲ, ಬಂದ್ರೆ ಸಿಗರೇಟು ವಾಸನೆ, ಒಂದ್ಸಲ ನನ್ನ ಇಂಗ್ಲಿಷ್ ಉಚ್ಚಾರಣೆ ಅಣಕಿಸ್ದ, ನಮ್ಮಂಥೋರು ಈ ದೇಶಕ್ಕೆ ಬರೋ ಬಗ್ಗೆ ಅವನ ಅಭಿಪ್ರಾಯ ಏನು ಅಂತಲೂ ಗೊತ್ತು. ಒಳ್ಳೇವ್ನು, ಪಾಪದವ್ನು ಅಂತ ಅವನ ಪರ ಬರೀತಿಲ್ಲ. ಪಾಪದವನಾಗಿದ್ರೆ ಮಾತ್ರ ನ್ಯಾಯ ಅನ್ನೋದಾದ್ರೆ ಅದಕ್ಕೆ ಬೋರ್ಡ್ ಯಾಕೆ, ದೇವಸ್ಥಾನ ಸಾಕು.

ನಮ್ಮ ದೊಡ್ಡಪ್ಪ 71ರ ಯುದ್ಧ ಆದ್ಮೇಲೆ ಸರ್ವಿಸ್ ಮುಗಿಯೋಕೆ ಮುಂಚೆನೇ ಊರಿಗೆ ಬಂದ್ರು. ಅರಕಲಗೂಡು ಕಡೆಯೋರಿಗೆ ಗೊತ್ತಿರ್ಬೋದು. ಅವರು ರಜಾ ಮೇಲೆ ಬಂದಿದಾರೆ ಅಂತ ಮನೇಲಿ ಹೇಳ್ತಿದ್ರು, ನಾನು ಹುಟ್ಟಿ ಸ್ಕೂಲಿಗೆ ಹೋಗೋವರೆಗೂ ಅವರು ರಜಾ ಮೇಲೇ ಇದ್ರು. ರಾತ್ರಿ ಕಣದಲ್ಲಿ ಒಬ್ರೇ ಮಲಗೋರು, ದೀಪಾವಳಿ ಮೂರು ದಿನ ತೋಟದ ಮನೆಗೆ ಹೋಗ್ಬಿಡೋರು, ಯಾಕೆ ಅಂತ ಯಾರೂ ಕೇಳ್ಲಿಲ್ಲ. ಟ್ರಂಕಲ್ಲಿ ಒಂದು ಕಾಗದ ಇತ್ತಂತೆ, ಅದನ್ನ ತೆಗೆದು ಓದೋ ಧೈರ್ಯ ನಮ್ಮಜ್ಜಿಗೂ ಇರ್ಲಿಲ್ಲ, ಅಪ್ಪನಿಗೂ ಇರ್ಲಿಲ್ಲ. ಅವರು ಹೋದ್ಮೇಲೆ ಟ್ರಂಕ್ ಸಮೇತ ಎಲ್ಲಿಗೆ ಹೋಯ್ತೋ. ಇದನ್ನ ನಾನು ಇಲ್ಲಿ ಯಾವತ್ತೂ ಬರ್ದಿರ್ಲಿಲ್ಲ, ದೊಡ್ಡಪ್ಪನ ಮಕ್ಕಳು ಬೇಜಾರು ಮಾಡ್ಕೊಂಡ್ರೆ ಫೋನ್ ಮಾಡಿ, ಮಾತಾಡೋಣ.

ಈಗ ನಮ್ಮವನಿಗೆ ಇರೋ ದಾರಿ ಅಂದ್ರೆ ಆ ರೆಕಾರ್ಡ್ ತಿದ್ದೋ ಬೋರ್ಡು. ಆಶೆ ಇಲ್ದೇ ಇಲ್ಲ. ಯೇಲ್ ಕಾನೂನು ಕಾಲೇಜಿನ ಹುಡುಗ್ರು, ಸ್ಟೀವ್ ಕೆನಡಿ ಅನ್ನೋ ಮಾಜಿ ಸೈನಿಕನ ಕೇಸ್ ಹಿಡ್ಕೊಂಡು ಆರ್ಮಿ ಮೇಲೆ ದಾವೆ ಹಾಕಿದ್ರು, 2021ರಲ್ಲಿ ರಾಜಿಗೆ ಕೋರ್ಟ್ ಒಪ್ಪಿಗೆ ಸಿಕ್ತು, ತಿರಸ್ಕಾರ ಆದ ಸಾವಿರಾರು ಅರ್ಜಿ ಮತ್ತೆ ನೋಡೋ ಹಾಗಾಯ್ತು. ಟೈಸನ್ ಮ್ಯಾಂಕರ್ ಕೇಸಲ್ಲಿ ನೇವಿ ಮತ್ತೆ ಮರೀನ್ಸ್‌ಗೂ 2022ರಲ್ಲಿ ಅದೇ ಥರ. ಅಂದ್ರೆ ಬೋರ್ಡ್‌ಗಳು ಮೆಮೊ ಪಕ್ಕಕ್ಕಿಟ್ಟು ತೀರ್ಪು ಬರೀತಿವೆ ಅಂತ ಜನ ಕೋರ್ಟಿಗೇ ಹೋಗಬೇಕಾಗಿ ಬಂತು. ಇಷ್ಟೆಲ್ಲ ಆದ್ಮೇಲೂ ಇವತ್ತಿನ ಪತ್ರದಲ್ಲಿ ಆ ಕಾಲದ ದಾಖಲೆ ಇಲ್ಲ ಅನ್ನೋ ಅದೇ ಹಳೇ ಹಾಡು.

ಪತ್ರ ಓದಿ ಹೇಳಿದಾಗ ಅವನು ಏನೂ ಬೈಲಿಲ್ಲ, ಬೈದಿದ್ರೆ ಸಮಾಧಾನ ಆಗ್ತಿತ್ತು. "ಮತ್ತೆ ಎಲ್ಲಾ ಮೊದಲಿಂದ ಹೇಳ್ಬೇಕಾ?" ಅಂತ ಕೇಳ್ದ. ಬೇಡ ಅಂದೆ, ಹೋದ ಸಲದ್ದೇ ನನ್ನತ್ರ ಇದೆ.

ಈಗ ಬೇಕಾಗಿರೋದು ಒಂದೇ. ಸೇವೆ ಮುಗಿದ ಮೇಲೆ ಮಾಡಿದ ಡಯಾಗ್ನೋಸಿಸ್ ಕೂಡ ಬೋರ್ಡ್ ನೋಡ್ಲೇಬೇಕು. ಲೈಸೆನ್ಸ್ ಇರೋ ಸೈಕಿಯಾಟ್ರಿಸ್ಟೋ ಸೈಕಾಲಜಿಸ್ಟೋ ಕೂತು ಮಾತಾಡಿ, ಆಗಿನ ನಡತೆಗೂ ಈ ಕಾಯಿಲೆಗೂ ಸಂಬಂಧ ಇದೆಯಾ ಅಂತ ಬಿಡಿಸಿ ಬರ್ದು ಕೊಡ್ಬೇಕು. ಹೊರಗೆ ಮಾಡಿಸಿದ್ರೆ ಸಾವಿರಗಟ್ಟಲೆ ಡಾಲರ್ ಕೇಳ್ತಾರೆ, ಅವನತ್ರ ಗಾಡಿಗೆ ಪೆಟ್ರೋಲ್ ಹಾಕೋಕೂ ಇಲ್ಲ. ಟೆಕ್ಸಾಸಲ್ಲಿ ನಮ್ಮ ಕನ್ನಡದ ಡಾಕ್ಟರ್‌ಗಳಿಗೇನು ಬರ, ಸಂಘದ ಸ್ಟೇಜ್ ಮೇಲೆ ಶಾಲು ಹೊದೆಸ್ಕೊಳ್ಳೋಕೆ ಸಾಲಲ್ಲಿ ನಿಂತಿರ್ತೀರಿ. ನಿಮ್ಮಲ್ಲಿ ಯಾರಾದ್ರೂ ಒಂದು ಶನಿವಾರ ಮಧ್ಯಾಹ್ನ ಪುಕ್ಕಟೆ ಕೊಟ್ರೆ ಇನ್‌ಬಾಕ್ಸಿಗೆ ಬನ್ನಿ. ಅವನು ಲೇಟಾಗಿ ಬರ್ತಾನೆ, ಮೊದಲೇ ಹೇಳಿದೀನಿ.