ಭಾನುವಾರ ಅಡ್ಮಿಟ್ ಆದರೆ ಬೆನ್ನಿನ ಆಪರೇಷನ್ ಕೆಡುತ್ತದೆಯೇ? ಒಂದು ಸ್ಪಷ್ಟನೆ

‘ಬೆನ್ನುಮೂಳೆ ಆಪರೇಷನ್‌ಗೆ ಶನಿವಾರ, ಭಾನುವಾರ ಅಡ್ಮಿಟ್ ಆಗಬೇಡಿ, ಅಪಾಯ ಜಾಸ್ತಿ, ಸೋಮವಾರದವರೆಗೆ ಕಾಯಿರಿ’ ಎಂಬ ಮೆಸೇಜ್ ಓಡಾಡುತ್ತಿದೆ. ಅರ್ಧ ನಿಜ. ಉಳಿದರ್ಧ ನಂಬಿದರೆ ಕಾಲಿನ ಶಕ್ತಿಯೇ ಹೋಗಬಹುದು.

ವಾರಾಂತ್ಯದಲ್ಲಿ ದಾಖಲಾದವರಿಗೆ ತೊಂದರೆ ಹೆಚ್ಚು ಎಂದು ಕೆಲವು ಅಧ್ಯಯನಗಳು ಹೇಳಿರುವುದು ಹೌದು. ಆದರೆ ಆ ದಿನ ಬರುವವರು ಯಾರು? ಮೊದಲೇ ದಿನ ಗೊತ್ತು ಮಾಡಿದ ಆಪರೇಷನ್‌ಗಳು ಸಾಮಾನ್ಯವಾಗಿ ವಾರದ ದಿನಗಳಲ್ಲೇ ನಡೆಯುತ್ತವೆ. ಭಾನುವಾರ ಸ್ಟ್ರೆಚರ್ ಮೇಲೆ ಬರುವವರಲ್ಲಿ ಹೆಚ್ಚಿನವರು ಬಿದ್ದು ಮೂಳೆ ಮುರಿದುಕೊಂಡವರು, ಗಡ್ಡೆ ಒತ್ತಿ ಕಾಲು ಸೋತವರು, ಸೋಂಕು ಏರಿದವರು. ಬರುವಾಗಲೇ ಸ್ಥಿತಿ ಗಂಭೀರ. ಸುಮ್ನೆ ವಾರದ ಮೇಲೆ ತಪ್ಪು ಹೊರಿಸಿದರೆ ಹೇಗೆ? ರಜೆಯ ದಿನ ಸಿಬ್ಬಂದಿ ಕಡಿಮೆ, ಸ್ಕ್ಯಾನ್ ತಡ ಎಂಬುದೂ ಒಂದಷ್ಟು ಕಾರಣ ಇರಬಹುದು, ಅಲ್ಲಗಳೆಯುವುದಿಲ್ಲ.

ನನಗೆ ಭಯ ಹುಟ್ಟಿಸಿದ್ದು ‘ಕಾಯಿರಿ’ ಎಂಬ ಮಾತು. ಸೊಂಟದ ಡಿಸ್ಕ್ ಜಾರಿ ಕೆಳಗಿನ ನರಗಳ ಗೊಂಚಲನ್ನೇ ಒತ್ತಿದರೆ ಮೂತ್ರ ಕಟ್ಟಿಕೊಳ್ಳುತ್ತದೆ. ಶೌಚಕ್ಕೆ ಹೋಗಿ ತೊಳೆದುಕೊಂಡರೂ ಮುಟ್ಟಿದ್ದು ಗೊತ್ತಾಗುವುದಿಲ್ಲ. ಇದಕ್ಕೆ ಕಾಡಾ ಇಕ್ವೈನಾ ಸಿಂಡ್ರೋಮ್ ಎನ್ನುತ್ತಾರೆ. ಇಲ್ಲಿ 48 ಗಂಟೆಯೊಳಗೆ, ಆದಷ್ಟು ಬೇಗ, ಒತ್ತಡ ತೆಗೆಯಬೇಕು. ಪೆಟ್ಟಿನಿಂದ ಬೆನ್ನುಹುರಿಗೆ ಏಟಾದರೆ 24 ಗಂಟೆಯೊಳಗಿನ ಆಪರೇಷನ್ ಒಳ್ಳೆಯದು ಎಂಬುದು ಈಗಿನ ಸಲಹೆ. ಶನಿವಾರ ಬೆಳಿಗ್ಗೆ ಶುರುವಾದದ್ದಕ್ಕೆ ಸೋಮವಾರ ತಡವೇ ಅಲ್ವಾ?

ತುರ್ತಲ್ಲದ ಆಪರೇಷನ್‌ಗೆ ದಿನ ಆರಿಸಿಕೊಳ್ಳಬಹುದು. ವಾರದ ಆರಂಭವಾದರೆ ಮರುದಿನ ಎಬ್ಬಿಸಿ ನಡೆಸಲು ಫಿಸಿಯೋಥೆರಪಿಸ್ಟ್ ಇರುತ್ತಾರೆ. ಶುಕ್ರವಾರವೇ ಸಿಕ್ಕಿದರೆ, ಶನಿವಾರ ಯಾರು ಬರುತ್ತಾರೆ ಎಂದು ಮೊದಲೇ ಕೇಳಿಕೊಳ್ಳಿ.