ಮಲ್ಪೆಯ ತಣ್ಣನೆ ನೀರು ಅಂಟಾರ್ಕ್ಟಿಕಾದ್ದಲ್ಲ

"ಮಲ್ಪೆಯ ಸಮುದ್ರ ತಣ್ಣಗಾಗಿದೆ, ಅಂಟಾರ್ಕ್ಟಿಕಾದ ಮಂಜು ಕರಗಿ ಇಲ್ಲಿಗೆ ಬಂದಿದೆ" ಎಂಬ ವಾಟ್ಸಾಪ್ ಸಂದೇಶ ಓಡಾಡುತ್ತಿದೆ. ತಣ್ಣಗಾಗುವುದು ನಿಜ. ಮಂಜಿನ ಕಥೆ ಸುಮ್ನೆ.

ಏಪ್ರಿಲ್-ಮೇನಲ್ಲಿ ಇಲ್ಲಿನ ಮೇಲ್ನೀರು ಸುಮಾರು 30 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಮಳೆಗಾಲದಲ್ಲಿ ಗಾಳಿ ಪಡುವಣ, ವಾಯುವ್ಯದಿಂದ ಬೀಸಿ ನೀರನ್ನು ದಡದುದ್ದಕ್ಕೂ ತೆಂಕಿಗೆ ತಳ್ಳುತ್ತದೆ. ಭೂಮಿ ತಿರುಗುತ್ತಿದೆಯಲ್ವಾ, ಹಾಗಾಗಿ ಮೇಲ್ನೀರು ಗಾಳಿ ಸಾಗುವ ದಿಕ್ಕಿನ ಬಲಗಡೆಗೆ ವಾಲುತ್ತದೆ, ಅಂದರೆ ದಡದಿಂದ ಆಚೆಗೆ. ಆ ಜಾಗಕ್ಕೆ ಆಳದ ತಣ್ಣೀರು ಮೇಲೇರುತ್ತದೆ. ಅದರಲ್ಲಿ ಆಮ್ಲಜನಕ ಕಮ್ಮಿ, ಪೋಷಕಾಂಶ ಜಾಸ್ತಿ. ಬೂತಾಯಿ, ಬಂಗುಡೆ ಮೀನುಗಳು ತಿನ್ನುವ ಸೂಕ್ಷ್ಮಜೀವಿಗಳು ಹೆಚ್ಚುವುದು ಇದರಿಂದಲೇ. ಮೀನುಸಾರು ಉಣ್ಣುವವರು ದೂರುವಂತಿಲ್ಲ ಬಿಡಿ!

ಪ್ರತಿ ವರ್ಷವೂ ಹೀಗೆಯೇ. ನವೆಂಬರ್ ಹೊತ್ತಿಗೆ ಪ್ರವಾಹ ಬಡಗಿಗೆ ತಿರುಗುತ್ತದೆ, ತಣ್ಣೀರು ಮತ್ತೆ ಕೆಳಗಿಳಿಯುತ್ತದೆ.