ಬಿಟಿ ಹತ್ತಿ: ಆಶ್ರಯ ಬೀಜವನ್ನು ಪ್ಯಾಕೆಟ್ಟಿನಲ್ಲೇ ಬೆರೆಸಬೇಕೇ?

ಪರ: ಬಿತ್ತದ ಬೀಜದಿಂದ ಆಶ್ರಯವಿಲ್ಲ

ಬಿಟಿ ಹತ್ತಿ ಎಂದರೆ ಕಾಯಿಕೊರಕ ಹುಳುವನ್ನು ಕೊಲ್ಲುವ ವಿಷವನ್ನು ಗಿಡವೇ ತಯಾರಿಸಿಕೊಳ್ಳುವ ಹತ್ತಿ. ಅದರ ಜೊತೆಗೆ ಬಿಟಿಯಲ್ಲದ ಹತ್ತಿಯನ್ನೂ ಆಶ್ರಯವಾಗಿ, ಅಂದರೆ ಹುಳು ಸಾಯದೆ ಉಳಿಯುವ ಜಾಗವಾಗಿ, ಬೆಳೆಯಿರಿ ಎನ್ನುವುದರ ಹಿಂದೆ ಒಂದು ಲೆಕ್ಕವಿದೆ. ವಿಷವನ್ನು ತಡೆದುಕೊಳ್ಳುವ ಜೀನ್ ಸಾವಿರಕ್ಕೆ ಒಂದರಂತೆ ಇದೆ ಎಂದುಕೊಳ್ಳಿ. ಅದು ತಂದೆ, ತಾಯಿ ಇಬ್ಬರಿಂದಲೂ ಬಂದಿರುವ ಹುಳು ಹತ್ತು ಲಕ್ಷಕ್ಕೆ ಒಂದು ಮಾತ್ರ. ಒಬ್ಬರಿಂದಷ್ಟೇ ಬಂದಿದ್ದರೆ, ಗಿಡದಲ್ಲಿ ವಿಷ ಸಾಕಷ್ಟಿರುವ ತನಕ ಹುಳು ಸಾಯುತ್ತದೆ. ಬಿಟಿ ಗಿಡದಲ್ಲಿ ಬದುಕುಳಿದ ಆ ಅಪರೂಪದ ಪತಂಗ ಆಶ್ರಯ ಗಿಡದಿಂದ ಬಂದ ಪತಂಗದೊಂದಿಗೆ ಕೂಡಿದರೆ ಸಂತಾನಕ್ಕೆ ಜೀನಿನ ಒಂದೇ ಪ್ರತಿ ಸಿಗುತ್ತದೆ, ಆ ಸಂತಾನ ಬಿಟಿ ಕಾಯಿಯಲ್ಲಿ ಉಳಿಯುವುದಿಲ್ಲ.

ಭಾರತದಲ್ಲಿ ಇದಕ್ಕೆಂದು 450 ಗ್ರಾಂ ಬಿಟಿ ಬೀಜದ ಜೊತೆ 120 ಗ್ರಾಂ ಆಶ್ರಯ ಬೀಜದ ಪೊಟ್ಟಣ ಕೊಡುತ್ತಿದ್ದರು. ಹೊಲದ ಸುತ್ತ ಐದು ಸಾಲು ಅಥವಾ ಶೇ. 20ರಷ್ಟು ಜಾಗ, ಯಾವುದು ಹೆಚ್ಚೋ ಅಷ್ಟಕ್ಕೆ ಅದನ್ನು ಬಿತ್ತಬೇಕಿತ್ತು. ಹೆಚ್ಚಿನವರು ಬಿತ್ತಲಿಲ್ಲ. ರೈತರನ್ನು ದೂರುವುದು ಸುಲಭ. ಆದರೆ ಹೊಲದ ಐದನೇ ಒಂದು ಪಾಲನ್ನು ಹುಳುವಿಗೆ ಬಿಟ್ಟರೆ ಲಾಭ ಸುತ್ತಲಿನವರಿಗೆಲ್ಲ, ನಷ್ಟ ಬಿಟ್ಟವನೊಬ್ಬನಿಗೆ. ಫಲಿತಾಂಶ ಗೊತ್ತಿದ್ದದ್ದೇ. 2002ರಲ್ಲಿ ಬಂದ ಕ್ರೈ1ಎಸಿ ಎಂಬ ವಿಷದ ಹತ್ತಿಗೆ ಗುಲಾಬಿ ಕಾಯಿಕೊರಕ ಬಗ್ಗುತ್ತಿಲ್ಲ ಎಂಬ ವರದಿ 2010ರಲ್ಲಿ ಗುಜರಾತಿನ ಅಮ್ರೇಲಿ, ಭಾವನಗರ, ಜುನಾಗಢ, ರಾಜಕೋಟ್‌ಗಳಿಂದ ಬಂತು. ಕ್ರೈ2ಎಬಿ ಎಂಬ ಇನ್ನೊಂದು ವಿಷವನ್ನೂ ಸೇರಿಸಿಕೊಂಡು 2006ರಲ್ಲಿ ಬಂದ ಹತ್ತಿಗೂ 2014–15ರ ಹೊತ್ತಿಗೆ ಅದೇ ಗತಿಯಾಯಿತು. ಅಮೆರಿಕದ ಅರಿಝೋನಾದಲ್ಲಿ 1996ರಿಂದ ಅದೇ ಹುಳುವಿನ ವಿರುದ್ಧ ಅದೇ ವಿಷ ಬಳಕೆಯಲ್ಲಿತ್ತು. ಆಶ್ರಯ ಬೆಳೆಯನ್ನು ಅಲ್ಲಿನವರು ನಿಜಕ್ಕೂ ಬೆಳೆದರು, ವಿಷದ ಬಲವೂ ಉಳಿಯಿತು.

475 ಗ್ರಾಂ ಮಿಶ್ರ ಪ್ಯಾಕೆಟ್ಟಿನಲ್ಲಿ ಕನಿಷ್ಠ ಶೇ. 5, ಹೆಚ್ಚೆಂದರೆ ಶೇ. 10 ಬಿಟಿಯಲ್ಲದ ಬೀಜ ಬೆರೆತೇ ಬರುತ್ತದೆ. ಬಿತ್ತುವುದೋ ಬೇಡವೋ ಎಂಬ ಪ್ರಶ್ನೆಯೇ ಏಳುವುದಿಲ್ಲ. ಪ್ರತ್ಯೇಕವಾಗಿ ಬಿತ್ತಿದ ಆಶ್ರಯ ಸಾಲುಗಳಿಗೆ ಹುಳು ಕಂಡೊಡನೆ ಔಷಧಿ ಹೊಡೆದು, ಉಳಿಯಬೇಕಾದ ಪತಂಗಗಳನ್ನೇ ಕೊಲ್ಲುವ ತಪ್ಪು ಇಲ್ಲಿ ಆಗದು, ಏಕೆಂದರೆ ಯಾವ ಗಿಡ ಯಾವುದೆಂದು ತಿಳಿಯುವುದೇ ಇಲ್ಲ. ಹುಳು ಗಿಡದಿಂದ ಗಿಡಕ್ಕೆ ಹರಿದಾಡಿ ಅರೆಬರೆ ವಿಷ ತಿನ್ನುತ್ತದೆ ಎಂಬ ಆಕ್ಷೇಪವೂ ಗುಲಾಬಿ ಕಾಯಿಕೊರಕಕ್ಕೆ ತಾಗದು. ಮೊಟ್ಟೆಯೊಡೆದ ಮರಿ ಕಾಯಿಯೊಳಗೆ ಕೊರೆದು ಹೋದರೆ ಬೆಳೆದ ಮೇಲೆಯೇ ಹೊರಬರುವುದು. ಚೀನಾದ ಯಾಂಗ್‌ಟ್ಸೆ ಕಣಿವೆಯಲ್ಲಿ ಹೈಬ್ರಿಡ್‌ನ ಎರಡನೇ ಪೀಳಿಗೆಯ ಬೀಜ ಬಿತ್ತಿದಾಗ ಬಿಟಿಯಲ್ಲದ ಗಿಡಗಳು ಹೊಲದ ತುಂಬ ತಾವಾಗಿ ಬೆರೆತವು. ಏರುತ್ತಿದ್ದ ನಿರೋಧಕತೆ ಅಲ್ಲಿ ಇಳಿಯಿತು.

ವಿರೋಧ: ಕಾಯಿಯೊಳಗೇ ಕಲಬೆರಕೆಯಿದೆ

ಚೀನಾದ ಆ ಹೊಲಗಳಲ್ಲಿ ಬಿಟಿಯಲ್ಲದ ಗಿಡ ಕಾಲು ಭಾಗದಷ್ಟಿದ್ದವು. ಶೇ. 5ಕ್ಕೆ ಅದನ್ನು ಸಾಕ್ಷಿಯಾಗಿ ತರುವುದು ಅತಿಯಾಯಿತು.

ಭಾರತದ ಬಿಟಿ ಹತ್ತಿ ಬಹುಪಾಲು ಹೈಬ್ರಿಡ್, ಅಂದರೆ ವಿಷದ ಜೀನ್ ಸಾಮಾನ್ಯವಾಗಿ ಒಂದೇ ಕಡೆಯ ಪೋಷಕ ತಳಿಯಿಂದ ಬಂದಿರುತ್ತದೆ. ಆದ್ದರಿಂದ ಆ ಗಿಡದ ಕಾಯಿಯಲ್ಲಿ ಕಟ್ಟುವ ಬೀಜಗಳಲ್ಲಿ ಸುಮಾರು ಕಾಲು ಭಾಗಕ್ಕೆ ಆ ವಿಷ ಬರುವುದೇ ಇಲ್ಲ. ಒಂದು ಹಸಿರು ಕಾಯಿ ಒಡೆದು ನೋಡಿ: ನಾಲ್ಕೈದು ತೊಳೆ, ಮೂವತ್ತರ ಆಸುಪಾಸು ಬೀಜ, ತೊಳೆಯಿಂದ ತೊಳೆಗೆ ಹುಳು ಕೊರೆದ ದುಂಡನೆಯ ತೂತು. ಗುಲಾಬಿ ಕಾಯಿಕೊರಕಕ್ಕೆ ಬೇಕಾದದ್ದು ಬೀಜವೇ. ವಿಷವಿಲ್ಲದ ಬೀಜವನ್ನು ತಿಂದು ಬಲಿತ ಮೇಲೆ ವಿಷದ ಬೀಜಕ್ಕೆ ಬಾಯಿ ಹಾಕಿದರೆ, ಮರಿಯಾಗಿದ್ದಾಗ ಕೊಲ್ಲುತ್ತಿದ್ದ ಪ್ರಮಾಣ ಅದಕ್ಕೆ ಸಾಲುವುದಿಲ್ಲ. ಜೀನಿನ ಒಂದೇ ಪ್ರತಿ ಇರುವ ಹುಳು ಸಾಯಲೇಬೇಕು ಎಂಬ ಲೆಕ್ಕ ಇಲ್ಲೇ ಮುರಿಯುತ್ತದೆ. ಹುಳು ಗಿಡ ಬದಲಿಸುವುದಿಲ್ಲ, ನಿಜ. ಬೀಜ ಬದಲಿಸುತ್ತದಲ್ಲ! ಅರಿಝೋನಾದ ಹತ್ತಿ ಹೈಬ್ರಿಡ್ ಆಗಿರಲಿಲ್ಲ, ಶುದ್ಧ ತಳಿಯಾಗಿತ್ತು. ಕಾಯಿಯ ಎಲ್ಲ ಬೀಜದಲ್ಲೂ ವಿಷವಿತ್ತು. ಪರ ವಾದದವರು ಇದನ್ನು ಹೇಳದೆ ಬಿಟ್ಟಿದ್ದಾರೆ.

ಚದುರಿ ನಿಂತ ಆಶ್ರಯ ಗಿಡಕ್ಕೆ ಸುತ್ತಲೂ ಬಿಟಿ ಗಿಡಗಳೇ. ಜೇನ್ನೊಣ ತರುವ ಪರಾಗದಿಂದ ಅದರ ಕೆಲವು ಬೀಜಗಳಿಗೂ ವಿಷ ಸೇರುತ್ತದೆ, ಕಾಪಾಡಬೇಕಾದ ಹುಳು ಅಲ್ಲಿಯೂ ಸಾಯುತ್ತದೆ. ಪ್ರತ್ಯೇಕ ಸಾಲಿನ ಒಳಭಾಗದಲ್ಲಿ ಈ ಬೆರಕೆ ಕಡಿಮೆ. ಇನ್ನು ಹತ್ತಿಯ ಮತ್ತೊಂದು ಕಾಯಿಕೊರಕವಾದ ಹೆಲಿಕೋವರ್ಪಾ ಹುಳು ಗಿಡದಿಂದ ಗಿಡಕ್ಕೆ ಹೋಗುವಂಥದ್ದೇ. ಅದಕ್ಕೆ ತೊಗರಿ, ಕಡಲೆಯಲ್ಲಿ ಸಹಜ ಆಶ್ರಯ ಮೊದಲೇ ಇದೆ, ಬೆರಕೆಯಿಂದ ಸಿಗುವುದು ಅರೆ ವಿಷದ ಊಟ ಮಾತ್ರ.

ಪ್ರಮಾಣದ ಮಾತಿಗೆ ಬಂದರೆ, ಒಂದು ನಿರೋಧಕ ಪತಂಗಕ್ಕೆ ಸುಮಾರು 500 ಸಾಮಾನ್ಯ ಪತಂಗಗಳಿರಬೇಕು ಎಂಬುದು ಅಮೆರಿಕದಲ್ಲಿ ಇಟ್ಟುಕೊಂಡ ಗುರಿ. ಹತ್ತು ಲಕ್ಷಕ್ಕೊಂದು ನಿರೋಧಕ ಹುಳುವಿದ್ದ ಕಾಲದಲ್ಲಿ ಅದು ಸಾಧ್ಯವಿತ್ತು. ನಿರೋಧಕತೆ ಹಬ್ಬಿದ ಮೇಲೆ ಶೇ. 5ರ ಮಿಶ್ರಣ ಎಂದರೆ ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ.

ಗುಲಾಬಿ ಕಾಯಿಕೊರಕ ಹೆಚ್ಚುಕಡಿಮೆ ಹತ್ತಿಯನ್ನೇ ನಂಬಿದ ಹುಳು. ಹೊಡೆತ ಅಲ್ಲಿಗೇ ಬೀಳಬೇಕು. ಅಲ್ಪಾವಧಿ ತಳಿ ಬಿತ್ತಿ 150–160 ದಿನಕ್ಕೆ ಬೆಳೆ ಮುಗಿಸಬೇಕು. ನೀರು ಕೊಟ್ಟು ಬೆಳೆಯನ್ನು ಎಳೆದರೆ, ಗಿಡದಲ್ಲಿ ವಿಷ ಇಳಿದಿರುವ ಹೊತ್ತಿಗೇ ಹುಳುವಿನ ಇನ್ನೊಂದೆರಡು ಪೀಳಿಗೆ ಏಳುತ್ತವೆ. ಕೊಯ್ಲಾದ ಮೇಲೆ ಗಿಡ ಕಿತ್ತು ಪುಡಿ ಮಾಡಬೇಕು, ಹತ್ತಿಕಟ್ಟಿಗೆ ಬಣವೆ ಹಾಕಿಟ್ಟರೆ ಒಣಗಿದ ಕಾಯಿಗಳಲ್ಲಿ ಹುಳು ಮುಂದಿನ ಹಂಗಾಮಿನವರೆಗೂ ಮಲಗಿರುತ್ತದೆ. ಹೆಣ್ಣು ಪತಂಗದ ವಾಸನೆಯಿಂದ ಗಂಡುಗಳನ್ನು ಸೆಳೆಯುವ ಮೋಹಕ ಬಲೆಯಲ್ಲಿ ಸತತ ಮೂರು ರಾತ್ರಿ ಎಂಟೆಂಟು ಪತಂಗ ಬಿದ್ದರೆ, ಅಥವಾ ಒಡೆದ 20 ಹಸಿರು ಕಾಯಿಗಳಲ್ಲಿ ಎರಡರಲ್ಲಿ ಹುಳು ಕಂಡರೆ ಸಿಂಪಡಣೆಗೆ ಇಳಿಯಬೇಕು. ಅರಿಝೋನಾದವರು 2006ರಿಂದ ಆಶ್ರಯ ಬೆಳೆಯನ್ನೇ ಕೈಬಿಟ್ಟು ಸಂತಾನಶಕ್ತಿ ಕಳೆದ ಪತಂಗಗಳನ್ನು ವಿಮಾನದಿಂದ ಬಿಟ್ಟರು. ಅಮೆರಿಕದ ಹತ್ತಿ ಪ್ರದೇಶದಿಂದ ಈ ಹುಳು ನಿರ್ಮೂಲವಾಯಿತೆಂಬ ಘೋಷಣೆ ಬಂದದ್ದು 2018ರಲ್ಲಿ.